ಕಡಲಿಲ್ಲದ ರಾಜ್ಯದ ಪಶ್ಚಿಮ ಗಡಿ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳು ಮತ್ತು ೧೯೪೭–೪೮ರ ಹೈದರಾಬಾದು ಪ್ರಶ್ನೆ

ಹಿಂದೂ ಮಹಾಸಾಗರದಿಂದ ಪ್ರಶಾಂತ ಸಾಗರದವರೆಗಿನ ನಾಡುಗಳ ವಾಣಿಜ್ಯವನ್ನೂ ರಾಜಕಾರಣವನ್ನೂ ಕುರಿತು ಬರೆಯುವವರು ಬಂದರುಗಳಿಂದ ಪ್ರಾರಂಭಿಸುವುದು ವಾಡಿಕೆ. ನಾವು ಇಲ್ಲಿ ಕಡಲ ಸದ್ದು ಎಂದೂ ಕೇಳಿಬಾರದ ಒಳನಾಡಿನ ಮೂರು ತಾಲ್ಲೂಕುಗಳಿಂದ ಪ್ರಾರಂಭಿಸುತ್ತೇವೆ. ಎರಡನೆಯ ಮಹಾಯುದ್ಧದ ತರುವಾಯ ಏಷ್ಯಾಖಂಡದಲ್ಲೆಲ್ಲ ಎದ್ದ ಸ್ವಯಂನಿರ್ಣಯದ ಪ್ರಶ್ನೆ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಸುಂಕದ ನಾಕೆಯ ರೂಪದಲ್ಲಿಯೂ ನಾಣ್ಯದ ರೂಪದಲ್ಲಿಯೂ ರೈಲು ನಿಲ್ದಾಣದ ರೂಪದಲ್ಲಿಯೂ ಕಾಣಿಸಿಕೊಂಡಿತು. ಸಂಧಿಪತ್ರಗಳಲ್ಲಿ ಸ್ಪಷ್ಟವಾಗಿ ತೋರದ ಕೆಲವು ಸಂಗತಿಗಳು ಅಲ್ಲಿ ಸ್ಪಷ್ಟವಾಗಿ ತೋರುತ್ತವೆಯೆಂಬುದು ನಮ್ಮ ಅಭಿಪ್ರಾಯ.

ಮೊದಲು ಈ ಸೀಮೆಯ ನೆಲೆಯನ್ನು ತಿಳಿಯಬೇಕು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳು ಹೆಸರಿಸುವ ಅಳಂದೆ ಸಾಸಿರ ನಾಡಿನ ಮುಖ್ಯ ಸ್ಥಳವೇ ಇಂದಿನ ಆಳಂದ. ಅಲ್ಲಿ ಹರಿಯುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯ ದಕ್ಷಿಣಕ್ಕೆ ಜೇವರ್ಗಿ. ಹಿಂದೆ ಇದು ಅಂದೋಲ ತಾಲ್ಲೂಕಿನ ಹೆಸರಿನಿಂದ ಗುರುತಾಗಿದ್ದ ಸೀಮೆ. ಮೂರೂ ಕರಿಯ ಎರೆನೆಲದ ನಾಡು. ಜೋಳ, ಹತ್ತಿ, ಕುಸುಬೆ, ಅಗಸೆ, ತೊಗರಿ ಇಲ್ಲಿನ ಬೆಳೆಗಳು. ನಿಜಾಮರ ಆಳಿಕೆಯಲ್ಲಿ ಆಳಂದ ಮತ್ತು ಅಫಜಲಪುರ ಸೀಮೆಗಳು ಬಹುಮಟ್ಟಿಗೆ ಪಾಯಗಾ ಜಾಗೀರಿಗೆ ಸೇರಿದ್ದವು. ಅಂದರೆ ಇಲ್ಲಿಯ ಒಕ್ಕಲಿಗನಿಗೂ ಹೈದರಾಬಾದಿನ ಸರ್ಕಾರಕ್ಕೂ ನಡುವೆ ಇನ್ನೊಬ್ಬ ಒಡೆಯನಿದ್ದನು.

ಪಶ್ಚಿಮಕ್ಕೆ ತಿರುಗಿದರೆ ಗಡಿಯ ಆಚೆಗೂ ಅದೇ ಎರೆನೆಲ, ಅದೇ ಕನ್ನಡ ಮಾತು. ಆಳಂದ, ಅಫಜಲಪುರಗಳ ನೆರೆಯಲ್ಲಿ ಅಕ್ಕಲಕೋಟೆ ಸಂಸ್ಥಾನ. ಅದರಾಚೆ ಬ್ರಿಟಿಷರ ಸೊಲ್ಲಾಪುರ. ಜೇವರ್ಗಿಯ ಮಗ್ಗುಲಿಗೆ ವಿಜಾಪುರ ಜಿಲ್ಲೆಯ ಸಿಂದಗಿ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ೧೮೭೧ರಲ್ಲಿ ರಾಯಚೂರನ್ನು ಮುಟ್ಟಿದ ಮೇಲೆ ಈ ನಾಡಿನ ವಾಣಿಜ್ಯದ ಮುಖ ಖಚಿತವಾಗಿ ಪಶ್ಚಿಮಕ್ಕೆ ತಿರುಗಿತು. ಸೊಲ್ಲಾಪುರ ಬಿಟ್ಟ ಗಾಡಿ ಅಕ್ಕಲಕೋಟೆ ರೋಡ್, ದುಧನಿಗಳನ್ನು ದಾಟಿ ಗಾಣಗಾಪುರ ರೋಡ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಮೂರು ಸರ್ಕಾರಗಳ ನೆಲವನ್ನು ಹಾಯ್ದಿರುತ್ತಿದ್ದಿತು. ಹಳಿ ಹಾಸಿದ ಪಟ್ಟಿಯ ಮೇಲಣ ಅಧಿಕಾರ ಮಾತ್ರ ಎಲ್ಲೆಡೆಯೂ ಬ್ರಿಟಿಷರದು. ದುಧನಿಯ ಅಡತಿ ಅಂಗಡಿಗಳಿಗೆ ಆಳಂದದ ಬಂಡಿಗಳು ಹೋಗುವುದು, ಸೊಲ್ಲಾಪುರದ ಗಿರಣಿಗಳಿಗೆ ಈ ಸೀಮೆಯ ಕೂಲಿಕಾರರು ದುಡಿಯಲು ಹೋಗುವುದು ಸಹಜವಾದ ವ್ಯವಹಾರವಾಗಿದ್ದಿತು. ಹೈದರಾಬಾದು ಇವರಿಗೆ ದೂರದ ಪಟ್ಟಣ. ಸೊಲ್ಲಾಪುರ ಹತ್ತಿರದ ಪೇಟೆ.

ಈ ಸಹಜ ವ್ಯವಹಾರಕ್ಕೆ ಅಡ್ಡವಾಗಿ ನಿಂತದ್ದು ಕರೋಡಗಿರಿ, ಅಂದರೆ ನಿಜಾಮ ಸರ್ಕಾರದ ಸುಂಕದ ಇಲಾಖೆ. ಇದರ ಮೂಲವನ್ನು ೧೮೦೨ರ ವಾಣಿಜ್ಯ ಸಂಧಿಯಲ್ಲಿ ಕಾಣಬಹುದು. ಆ ಸಂಧಿಯ ಪ್ರಕಾರ ಈಸ್ಟ್ ಇಂಡಿಯಾ ಕಂಪನಿಯ ಸೀಮೆಗೂ ನಿಜಾಮರ ಸೀಮೆಗೂ ನಡುವೆ ಓಡಾಡುವ ಸರಕಿನ ಮೇಲೆ ನೂರಕ್ಕೆ ಐದರಂತೆ ಸುಂಕ ಗೊತ್ತಾಯಿತು. ಅದಕ್ಕೆ ಪ್ರತಿಯಾಗಿ ಮಚಲೀಪಟ್ಟಣದ ಬಂದರನ್ನು ಮುಕ್ತವಾಗಿ ಬಳಸಿಕೊಳ್ಳುವ ಹಕ್ಕು ನಿಜಾಮರಿಗೆ ದೊರೆಯಿತು. ಬಂದರಿನ ಹಕ್ಕು ಕಾಗದದಲ್ಲಿಯೇ ಉಳಿಯಿತು. ಸುಂಕ ಮಾತ್ರ ಒಂದೂವರೆ ಶತಮಾನ ಕಾಲ ಪ್ರತಿ ಬಂಡಿಯ ಮೇಲೂ ಬಿದ್ದಿತು. ಒಂದು ರಾಜ್ಯದ ಸಾರ್ವಭೌಮತ್ವವನ್ನು ಹಳ್ಳಿಯವನು ಅಳೆಯುವುದು ಇಂತಹ ಅಳತೆಗೋಲಿನಿಂದಲೇ ಎಂಬುದನ್ನು ರಾಜನೀತಿಯ ಗ್ರಂಥಗಳು ಅಷ್ಟಾಗಿ ಗಮನಿಸಿಲ್ಲ.

ನಾಣ್ಯವೂ ಹಾಗೆಯೇ. ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಬ್ರಿಟಿಷ್ ರೂಪಾಯಿಗಿಂತ ಕೊಂಚ ಕಡಮೆ ಬೆಲೆಯದು. ಏಳು ಹಾಲಿಗೆ ಆರು ಕಲದಾರ ಎಂಬ ಲೆಕ್ಕ. ಗಡಿಯ ಸಂತೆಗಳಲ್ಲಿ ಎರಡೂ ಓಡಾಡುತ್ತಿದ್ದವು. ಬೆಳೆ ಮಾರಿದವನಿಗೆ ಕಲದಾರ ಸಿಕ್ಕರೆ ಕಂದಾಯ ಕಟ್ಟುವಾಗ ಅದನ್ನು ಹಾಲಿಗೆ ತಿರುಗಿಸಬೇಕು. ಹಾಲಿ ಹಿಡಿದು ಸೊಲ್ಲಾಪುರಕ್ಕೆ ಹೋದವನು ಅದನ್ನು ಕಲದಾರಕ್ಕೆ ತಿರುಗಿಸಬೇಕು.

೧೯೪೭ರ ಜೂನ್ ತಿಂಗಳಲ್ಲಿ ಮೀರ್ ಉಸ್ಮಾನ್ ಅಲಿಖಾನರು ಫರ್ಮಾನು ಹೊರಡಿಸಿ, ಬ್ರಿಟಿಷ್ ಅಧಿಕಾರ ಕೊನೆಗಾಣುತ್ತಲೇ ತಮ್ಮ ರಾಜ್ಯ ಸ್ವತಂತ್ರ ಸಾರ್ವಭೌಮ ಸ್ಥಿತಿಯನ್ನು ಮರಳಿ ಪಡೆಯುವುದೆಂದು ಸಾರಿದರು. ೮೨ ಸಾವಿರ ಚದರ ಮೈಲಿಗೂ ಮಿಕ್ಕ ವಿಸ್ತಾರ, ೧೯೪೧ರ ಜನಗಣತಿಯಂತೆ ೧ ಕೋಟಿ ೬೩ ಲಕ್ಷ ಜನ, ಸ್ವಂತ ರೈಲು, ಸ್ವಂತ ಅಂಚೆ, ಸ್ವಂತ ನಾಣ್ಯ: ಸ್ವತಂತ್ರ ರಾಷ್ಟ್ರಕ್ಕೆ ಬೇಕಾದ ಲಕ್ಷಣಗಳು ಬಹಳಷ್ಟು ಇದ್ದವೆಂಬುದನ್ನು ಒಪ್ಪಬೇಕು. ಇಲ್ಲದುದು ಕಡಲು. ಇದನ್ನು ನಿಜಾಮರ ಸಲಹೆಗಾರರೂ ಅರಿತಿದ್ದರು. ಪೋರ್ತುಗೀಜರ ವಶದಲ್ಲಿದ್ದ ಗೋವೆಯ ಮರ್ಮಗೋವಾ ಬಂದರನ್ನು ಪಡೆಯುವ ಆಲೋಚನೆ ಹುಟ್ಟಿದುದು ಈ ಕೊರತೆಯಿಂದಲೇ. ಆದರೆ ಭೂಪಟವನ್ನು ಬಿಡಿಸಿ ನೋಡಿದರೆ ಈ ಆಲೋಚನೆಯ ದೌರ್ಬಲ್ಯ ತಾನೇ ಕಾಣುತ್ತದೆ. ಹೈದರಾಬಾದು ರಾಜ್ಯದ ಪಶ್ಚಿಮದ ಅಂಚಿಗೂ ಗೋವೆಗೂ ನಡುವೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು ಹಾಸಿಕೊಂಡಿವೆ. ಮರ್ಮಗೋವೆಯ ಹಳಿ ಲೋಂಡಾ ಮೂಲಕವೇ ಒಳನಾಡಿಗೆ ಬರಬೇಕು. ಬಂದರನ್ನು ಕೊಂಡರೂ ಬಂದರಿಗೆ ಹೋಗುವ ದಾರಿ ಭಾರತದ್ದೇ. ಮಚಲೀಪಟ್ಟಣದ ಮಾತೂ ಅಷ್ಟೆ.

೧೯೪೭ರ ನವೆಂಬರ್ ೨೯ರಂದು ಭಾರತಕ್ಕೂ ಹೈದರಾಬಾದಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಶಾಯಿ ಆರುವ ಮುನ್ನವೇ ಹೈದರಾಬಾದು ಸರ್ಕಾರ ಎರಡು ಸುಗ್ರೀವಾಜ್ಞೆಗಳನ್ನು ಹೊರಡಿಸಿತು. ಒಂದು, ಬೆಳ್ಳಿಬಂಗಾರಗಳನ್ನು ಭಾರತಕ್ಕೆ ಸಾಗಿಸುವುದನ್ನು ತಡೆಯಿತು. ಇನ್ನೊಂದು, ಭಾರತದ ನಾಣ್ಯ ರಾಜ್ಯದೊಳಗೆ ಚಲಾವಣೆಯಾಗದಂತೆ ಮಾಡಿತು. ಪಾಕಿಸ್ತಾನಕ್ಕೆ ೨೦ ಕೋಟಿ ರೂಪಾಯಿಗಳ ಸಾಲವನ್ನು ಕೊಟ್ಟ ಸಂಗತಿಯೂ ಆಗಲೇ ಹೊರಬಿದ್ದಿತು. ದೆಹಲಿಯಲ್ಲಿ ಹೆಚ್ಚು ಕೋಲಾಹಲವೆಬ್ಬಿಸಿದುದು ಸಾಲದ ವಿಷಯ. ಗಡಿಯ ತಾಲ್ಲೂಕುಗಳನ್ನು ಮುಟ್ಟಿದುದು ನಾಣ್ಯದ ಆಜ್ಞೆ. ಮಾರುಕಟ್ಟೆ ದುಧನಿಯಲ್ಲಿ, ಕಂದಾಯ ಕಲಬುರಗಿಯಲ್ಲಿ ಇರುವವನ ಕೈಯಲ್ಲಿನ ಕಲದಾರ ತನ್ನ ಹಳ್ಳಿಯಲ್ಲಿಯೇ ನಿಷಿದ್ಧ ವಸ್ತುವಾಯಿತು.

ಭಾರತದ ಕಡೆಯಿಂದಲೂ ಬಿಗಿ ಹೆಚ್ಚಿತು. ಉಪ್ಪು, ಔಷಧ, ಪೆಟ್ರೋಲು, ಯಂತ್ರದ ಬಿಡಿಭಾಗಗಳು ಬಾರದಂತೆ ದಿಗ್ಬಂಧನ ಹೂಡಲಾಗಿದೆಯೆಂದು ಹೈದರಾಬಾದು ದೂರಿತು. ಭಾರತ ಸರ್ಕಾರ ಇದನ್ನು ಒಪ್ಪಲಿಲ್ಲ. ಈ ವಾದದಲ್ಲಿ ಯಾರ ಮಾತು ಎಷ್ಟು ನಿಜವೆಂದು ತೀರ್ಮಾನಿಸುವುದಕ್ಕಿಂತ, ಕಡಲಿಲ್ಲದ ರಾಜ್ಯಕ್ಕೆ ನೆರೆಯವನ ರೈಲು ನಿಂತರೆ ಸಾಕು, ಘೋಷಣೆ ಬೇಕಿಲ್ಲ ಎಂಬುದನ್ನು ಗಮನಿಸಿದರೆ ನಮ್ಮ ಪ್ರಕೃತ ವಿಷಯಕ್ಕೆ ಸಾಕು. ನೆಲದ ದಾರಿ ಮುಚ್ಚಿದಾಗ ಆಕಾಶದ ದಾರಿಯನ್ನು ಹಿಡಿಯಲಾಯಿತು. ಆಸ್ಟ್ರೇಲಿಯಾದ ವಿಮಾನ ಚಾಲಕ ಸಿಡ್ನಿ ಕಾಟನ್ ಎಂಬವನು ಕರಾಚಿಯಿಂದ ರಾತ್ರಿಯ ವೇಳೆ ಶಸ್ತ್ರಗಳನ್ನು ತಂದು ಹೈದರಾಬಾದಿಗೆ ಮುಟ್ಟಿಸಿದನು. ಶಸ್ತ್ರ ಬಂದಿತು, ಉಪ್ಪು ವಿಮಾನದಲ್ಲಿ ಬರುವ ಸರಕಲ್ಲ.

ಈ ನಡುವೆ ಗಡಿಯ ಜನರ ಪಾಡು ಬಹಳ ಕಷ್ಟಕ್ಕಿಟ್ಟುಕೊಂಡಿತು. ಸಿಂದಗಿಯಲ್ಲಿ ೧೯೦೩ರಲ್ಲಿ ಜನಿಸಿದ ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವದ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು ರಾಜ್ಯದ ಗಡಿಯುದ್ದಕ್ಕೂ ಭಾರತದ ನೆಲದಲ್ಲಿ ಶಿಬಿರಗಳನ್ನು ಏರ್ಪಡಿಸಿತು. ಶಿಬಿರಗಳಿಂದ ಹೊರಟ ತರುಣರು ಮೊದಲು ಕೈಹಾಕಿದ ಸ್ಥಳಗಳಲ್ಲಿ ಕರೋಡಗಿರಿ ನಾಕೆಗಳೂ ಇದ್ದುವೆಂಬುದು ವಿಚಾರಾರ್ಹ. ನಿಜಾಮರ ಪ್ರಭುತ್ವಕ್ಕೆ ಹಳ್ಳಿಯಲ್ಲಿದ್ದ ಕಣ್ಣಿಗೆ ಕಾಣುವ ಗುರುತು ಅದೇ ಆಗಿದ್ದಿತಷ್ಟೆ. ಇನ್ನೊಂದು ಕಡೆ ಕಾಸಿಂ ರಜ್ವಿಯ ರಜಾಕಾರರ ಹಾವಳಿ. ೧೯೪೮ರ ಮೇ ೨೨ರಂದು ಮದರಾಸು–ಮುಂಬಯಿ ಮಾರ್ಗದ ರೈಲು ಗಾಡಿಯ ಮೇಲೆ ಗಾಣಗಾಪುರ ನಿಲ್ದಾಣದಲ್ಲಿ ದಾಳಿ ನಡೆದು ಪ್ರಯಾಣಿಕರು ಸತ್ತರು, ಗಾಯಗೊಂಡರು. ದತ್ತಾತ್ರೇಯ ಕ್ಷೇತ್ರಕ್ಕೆ ಯಾತ್ರಿಕರು ಇಳಿಯುವ ಈ ಸಣ್ಣ ನಿಲ್ದಾಣದ ಹೆಸರು ದೆಹಲಿಯ ಪತ್ರವ್ಯವಹಾರದಲ್ಲಿ ಕಾಣಿಸಿಕೊಂಡದ್ದು ಹೀಗೆ. ಗಡಿಯ ಹಳ್ಳಿಗಳ ಅನೇಕ ಕುಟುಂಬಗಳು ಮನೆಮಾರು ಬಿಟ್ಟು ಸೊಲ್ಲಾಪುರ, ವಿಜಾಪುರಗಳ ಕಡೆಗೆ ವಲಸೆ ಹೋದವು. ವಲಸೆಯ ದಾರಿ ಹಿಂದಿನ ವ್ಯಾಪಾರದ ದಾರಿಯೇ ಆಗಿದ್ದಿತು.

ಆಗಸ್ಟ್ ೨೧ರಂದು ಹೈದರಾಬಾದು ಸರ್ಕಾರ ತನ್ನ ದೂರನ್ನು ಸಂಯುಕ್ತ ರಾಷ್ಟ್ರಗಳ ಭದ್ರತಾ ಪರಿಷತ್ತಿಗೆ ತಂತಿಯ ಮೂಲಕ ಕಳುಹಿಸಿತು. ಸೆಪ್ಟೆಂಬರ್ ೧೩ರಂದು ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ನೇತೃತ್ವದಲ್ಲಿ ಗಡಿಯನ್ನು ದಾಟಿ ನಳದುರ್ಗವನ್ನು ಹಿಡಿಯಿತು. ೧೬ರಂದು ಪ್ಯಾರಿಸಿನಲ್ಲಿ ಕೂಡಿದ ಪರಿಷತ್ತು ಎಂಟು ಮತಗಳಿಂದ ದೂರನ್ನು ವಿಷಯಪಟ್ಟಿಗೆ ಸೇರಿಸಿಕೊಂಡಿತು. ಚೀನಾ, ಸೋವಿಯೆತ್ ಒಕ್ಕೂಟ, ಉಕ್ರೇನ್‌ಗಳು ತಟಸ್ಥವಾಗಿದ್ದವು. ಮರುದಿನ ಯುದ್ಧವೇ ಮುಗಿಯಿತು. ಕೆಲದಿನಗಳಲ್ಲಿ ನಿಜಾಮರು ದೂರನ್ನು ಹಿಂದೆಗೆದುಕೊಳ್ಳುವುದಾಗಿ ತಿಳಿಸಿದರು.

ಇಲ್ಲಿ ಒಂದು ಹೋಲಿಕೆಯನ್ನು ಮಾಡದೆ ಮುಂದೆ ಹೋಗಲಾಗದು. ೧೯೪೭ರ ಜುಲೈ ತಿಂಗಳಲ್ಲಿ ಡಚ್ಚರು ಇಂಡೋನೇಷ್ಯಾದ ಗಣರಾಜ್ಯದ ಮೇಲೆ ದಂಡೆತ್ತಿ ಹೋದಾಗ ಅದನ್ನು ಯುದ್ಧವೆಂದು ಕರೆಯದೆ ‘ಪೊಲೀಸ್ ಕಾರ್ಯಾಚರಣೆ’ಯೆಂದು ಕರೆದರು. ಅದನ್ನು ಭದ್ರತಾ ಪರಿಷತ್ತಿನ ಮುಂದಿಟ್ಟವರು ಭಾರತ ಮತ್ತು ಆಸ್ಟ್ರೇಲಿಯಾ. ಮುಂದಿನ ವರ್ಷ ಹೈದರಾಬಾದಿನ ವಿಷಯದಲ್ಲಿ ಭಾರತವೇ ಆ ಹೆಸರನ್ನು ಬಳಸಿತು. ಹೆಸರು ಒಂದಾದರೂ ವಸ್ತು ಒಂದಲ್ಲವೆಂಬುದು ನಮ್ಮ ನಿಲವು. ಜಕಾರ್ತದಲ್ಲಿ ಸ್ವಾತಂತ್ರ್ಯವನ್ನು ಸಾರಿದ್ದು ಒಂದು ಜನತೆಯ ಚಳವಳಿ. ಹೈದರಾಬಾದಿನಲ್ಲಿ ಸಾರಿದ್ದು ಒಬ್ಬ ಅರಸನ ಫರ್ಮಾನು. ತೆಲುಗು, ಮರಾಠಿ, ಕನ್ನಡ ನುಡಿಯುವ ಬಹುಜನರನ್ನು ಆ ಫರ್ಮಾನು ಕೇಳಿರಲಿಲ್ಲ. ಆದರೂ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ೧೯೪೮ರ ಜೂನ್ ತಿಂಗಳ ಕರಡು ಒಪ್ಪಂದದಲ್ಲಿ ಜನಮತ ಪಡೆಯುವ ಷರತ್ತಿದ್ದಿತು; ಒಪ್ಪಂದ ಕೈಗೂಡಲಿಲ್ಲ, ಜನಮತವೂ ನಡೆಯಲಿಲ್ಲ. ಆಳಂದದ ಒಕ್ಕಲಿಗನ ಇಂಗಿತವನ್ನು ನಾವು ಅವನ ಬಂಡಿ ಹೋದ ದಿಕ್ಕಿನಿಂದ, ಅವನ ಕುಟುಂಬ ಓಡಿದ ದಿಕ್ಕಿನಿಂದ ಊಹಿಸಬಲ್ಲೆವೇ ಹೊರತು ಅವನ ಚೀಟಿಯಿಂದಲ್ಲ. ಚೀಟಿ ಅವನ ಕೈಗೆ ಬಂದುದು ೧೯೫೨ರ ಸಾರ್ವತ್ರಿಕ ಚುನಾವಣೆಯಲ್ಲಿ.

ವಿಮೋಚನೆಯ ಇತಿಹಾಸವನ್ನು ಬರೆಯುವವರು ದಾಟಿ ಹೋಗುವ ಒಂದು ಅಧ್ಯಾಯವನ್ನು ನಾವು ದಾಟಿ ಹೋಗಲಾರೆವು. ಸೇನಾ ಕಾರ್ಯಾಚರಣೆಯ ತರುವಾಯ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಲು ಭಾರತ ಸರ್ಕಾರ ಪಂಡಿತ ಸುಂದರಲಾಲರ ಸಮಿತಿಯನ್ನು ಕಳುಹಿಸಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಆ ಸಮಿತಿ ಹೆಸರಿಸಿದವು ಉಸ್ಮಾನಾಬಾದು, ಕಲಬುರಗಿ, ಬೀದರ, ನಾಂದೇಡ. ರಾಜ್ಯದಲ್ಲಿ ಒಟ್ಟು ೨೭ ಸಾವಿರದಿಂದ ೪೦ ಸಾವಿರ ಜನ ಸತ್ತಿರಬಹುದೆಂದು ಅದು ಅಂದಾಜು ಮಾಡಿತು. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಲಾಡ್ಲೆ ಮಶಾಯಿಖರ ದರ್ಗಾಕ್ಕೆ ಎಲ್ಲ ಮತದವರೂ ನಡೆದುಕೊಳ್ಳುವ ಆಳಂದದಂತಹ ಊರುಗಳಿರುವ ಜಿಲ್ಲೆ ಇದು. ರಜಾಕಾರರ ಅತ್ಯಾಚಾರವನ್ನು ಎಷ್ಟು ಸ್ಪಷ್ಟವಾಗಿ ಬರೆಯುತ್ತೇವೆಯೋ ಇದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಬೇಕು.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. ೧೯೪೯ರಲ್ಲಿ ಜಾಗೀರುಗಳು ರದ್ದಾದವು. ೧೯೫೬ರ ನವೆಂಬರ್ ೧ರಂದು ಕೊಡಂಗಲ್, ತಾಂಡೂರುಗಳನ್ನು ಬಿಟ್ಟು ಉಳಿದ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ನಿಜಾಮರ ಗಡಿ ಅಳಿಯಿತು. ಆದರೆ ಅದೇ ಜಾಗದಲ್ಲಿ, ಬಹುಮಟ್ಟಿಗೆ ಅದೇ ರೇಖೆಯ ಮೇಲೆ, ಭಾಷಾ ರಾಜ್ಯಗಳ ಗಡಿ ಎದ್ದಿತು. ಅಕ್ಕಲಕೋಟೆ, ದುಧನಿ, ಸೊಲ್ಲಾಪುರಗಳು ಆಚೆ ಉಳಿದವು. ೧೯೬೭ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆಯನ್ನು ಮೈಸೂರಿಗೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಇಂದು ಈ ರೇಖೆಯ ಮೇಲೆ ಕರೋಡಗಿರಿಯಿಲ್ಲವೆಂಬುದೇ ಹಿಂದಿಗೂ ಇಂದಿಗೂ ಇರುವ ದೊಡ್ಡ ಅಂತರ.

ಕಡಲು ಮಾತ್ರ ಈ ಸೀಮೆಯನ್ನು ಬಿಟ್ಟಿಲ್ಲ. ಈ ಮೂರು ತಾಲ್ಲೂಕುಗಳ ಮುಖ್ಯ ಬೆಳೆ ಈಗ ತೊಗರಿ. ಕಲಬುರಗಿಯ ತೊಗರಿ ಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತು ದೊರೆಯಿತು. ೨೦೧೫ರಲ್ಲಿ ಬೇಳೆಯ ಬೆಲೆ ವಿಪರೀತ ಏರಿದ ಮೇಲೆ ಭಾರತ ಸರ್ಕಾರ ೨೦೧೬ರಲ್ಲಿ ಮೊಜಾಂಬಿಕ್ ದೇಶದೊಡನೆ ಒಪ್ಪಂದ ಮಾಡಿಕೊಂಡು, ಹಿಂದೂ ಮಹಾಸಾಗರದ ಆಚೆಯ ದಡದಿಂದ ವರ್ಷಕ್ಕೆ ೨ ಲಕ್ಷ ಟನ್ನುಗಳವರೆಗೆ ಬೇಳೆಕಾಳು ತರಿಸುವ ಏರ್ಪಾಡು ಮಾಡಿತು. ೨೦೨೧ರಲ್ಲಿ ಮಲಾವಿ, ಮ್ಯಾನ್ಮಾರ್‌ಗಳೊಡನೆಯೂ ಇಂತಹ ಒಡಂಬಡಿಕೆಗಳಾದವು. ೨೦೧೬–೧೭ರಲ್ಲಿ ನಮ್ಮಲ್ಲಿಯೇ ಸಮೃದ್ಧ ಫಸಲು ಬಂದಾಗ ಕ್ವಿಂಟಾಲಿಗೆ ೫,೦೫೦ ರೂಪಾಯಿಗಳ ಬೆಂಬಲ ಬೆಲೆಯೂ ಪೇಟೆಯಲ್ಲಿ ಸಿಗದೆ ರೈತರು ಖರೀದಿ ಕೇಂದ್ರಗಳ ಮುಂದೆ ಸಾಲುಗಟ್ಟಿ ನಿಂತರು. ಅಫಜಲಪುರದ ರೈತನು ಕಲಬುರಗಿ, ದುಧನಿ, ಸೊಲ್ಲಾಪುರಗಳ ಧಾರಣೆಯನ್ನು ಮೊದಲು ವಿಚಾರಿಸುತ್ತಿದ್ದನು. ಈಗ ಆಫ್ರಿಕದಿಂದ ಹಡಗು ಬಂದಿದೆಯೇ ಎಂಬುದನ್ನೂ ವಿಚಾರಿಸುತ್ತಾನೆ.