ಕರ್ನಾಟಕದ ಸ್ಥಳೀಯ ಸಂಸ್ಥೆಗಳಲ್ಲಿ ರಸ್ತೆ ಮತ್ತು ನೀರಿನ ಎಂಜಿನಿಯರರು

ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಮತ್ತು ಜಿಲ್ಲಾ ಪಂಚಾಯಿತಿಗಳ ವ್ಯಾಪ್ತಿಯಲ್ಲಿ ರಸ್ತೆ, ಮೋರಿ, ಕುಡಿಯುವ ನೀರು, ಒಳಚರಂಡಿಗಳ ಕೆಲಸ ನೋಡಿಕೊಳ್ಳುವ ಸಿವಿಲ್ ಎಂಜಿನಿಯರರ ವೃತ್ತಿ ಕರ್ನಾಟಕದಲ್ಲಿ ಬೆಳೆದುಬಂದ ಬಗೆ ಈ ಲೇಖನದ ವಿಷಯ. ಜನ ದಿನವೂ ತುಳಿಯುವ, ಕುಡಿಯುವ ಎರಡನ್ನೂ ನೋಡಿಕೊಳ್ಳುವ ವೃತ್ತಿ ಇದು. ಮೊದಲು ಒಂದೇ ಕಚೇರಿಯಲ್ಲಿದ್ದ ಈ ಎರಡು ಹೊಣೆಗಳು ಕ್ರಮೇಣ ಬೇರೆ ಬೇರೆ ಕೈಗೆ ಹೋದದ್ದೇ ಇದರ ಇತಿಹಾಸದ ಮುಖ್ಯ ತಿರುವು.

ಎಂಜಿನಿಯರ್ ಎಂಬ ಹೆಸರು ಬರುವ ಮುನ್ನವೇ ಕೆಲಸವಿತ್ತು. ಕೆರೆಯ ತೂಬು ಎತ್ತಿ ಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದವನು ನೀರುಗಂಟಿ. ಕೆರೆ ಕಟ್ಟಿಸಿದವರಿಗೆ, ಕಾಪಾಡಿದವರಿಗೆ ಕಟ್ಟುಕೊಡಗೆ ಎಂಬ ಭೂಮಿ ಸಿಗುತ್ತಿತ್ತು. ವಿಜಯನಗರ ಕಾಲದ, 1369ರ ಪೋರುಮಾಮಿಳ್ಳ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಹೇಳುತ್ತದೆ. ಅವುಗಳಲ್ಲಿ ಜಲಶಾಸ್ತ್ರ ಬಲ್ಲ ವಿದ್ವಾಂಸನೂ ಒಬ್ಬ.

ಮೈಸೂರು ಕಮಿಷನರ್ ಮಾರ್ಕ್ ಕಬ್ಬನ್ ಆಡಳಿತದಲ್ಲಿ ಸುಮಾರು 1,600 ಮೈಲಿ ರಸ್ತೆಯೂ 300ಕ್ಕೂ ಹೆಚ್ಚು ಸೇತುವೆಗಳೂ ಆದವು. 1856ರಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿತು. ಬೆಂಗಳೂರಿಗೆ 1862ರಲ್ಲಿ ಪುರಸಭೆ ಬಂತು. ಮುಂಬಯಿ ಮತ್ತು ಮದರಾಸು ಆಧಿಪತ್ಯಗಳಲ್ಲಿದ್ದ ಕನ್ನಡ ಜಿಲ್ಲೆಗಳಲ್ಲಿ ವೈಸ್‌ರಾಯ್ ರಿಪನ್ನನ 1882ರ ಸ್ಥಳೀಯ ಸ್ವಯಮಾಡಳಿತ ನಿರ್ಣಯದ ಬೆನ್ನಿಗೆ ಲೋಕಲ್ ಬೋರ್ಡುಗಳು ಗಟ್ಟಿಯಾಗಿ, ಹಳ್ಳಿ ರಸ್ತೆ, ಬಾವಿಗಳ ಹೊಣೆ ಅವುಗಳ ಮೇಲೆ ಬಿತ್ತು. ಕೆಲಸ ಅಳೆದು ಲೆಕ್ಕ ಬರೆಯುತ್ತಿದ್ದವನು ಓವರ್‌ಸೀಯರ್. ಇಂದಿನ ಜೆಇ (ಜೂನಿಯರ್ ಎಂಜಿನಿಯರ್) ಅವನ ಉತ್ತರಾಧಿಕಾರಿ.

ಸ್ಥಳೀಯ ಸಂಸ್ಥೆಯ ಕೆಲಸಕ್ಕೂ ಸರ್ಕಾರದ ದೊಡ್ಡ ಯೋಜನೆಗೂ ಇರುವ ವ್ಯತ್ಯಾಸವನ್ನು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಆರಂಭದ ದಿನಗಳು ಚೆನ್ನಾಗಿ ತೋರಿಸುತ್ತವೆ. ಪುಣೆಯಲ್ಲಿ ಓದಿ 1884ರಲ್ಲಿ ಮುಂಬಯಿ ಸರ್ಕಾರದ ಅಸಿಸ್ಟೆಂಟ್ ಎಂಜಿನಿಯರ್ ಆದ ಅವರನ್ನು ಮುಂದಿನ ದಶಕದಲ್ಲಿ ಸಿಂಧ್ ಪ್ರಾಂತದ ಸಕ್ಕರ್‌ಗೆ ಕಳಿಸಲಾಯಿತು. ಸಿಂಧೂ ನದಿಯ ನೀರು ಕೆಸರು. ಅದನ್ನು ಶುದ್ಧಗೊಳಿಸುವ ಫಿಲ್ಟರ್ ಕಟ್ಟಲು ಪುರಸಭೆಯ ಬಳಿ ಹಣವಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಪದರಗಳಲ್ಲಿ ಸೋಸಿ ಬಂದ ತಿಳಿನೀರನ್ನು ಗುಡ್ಡದ ಮೇಲಿನ ತೊಟ್ಟಿಗೆ ಪಂಪು ಮಾಡಿ ಊರಿಗೆ ಹರಿಸಿದರು. ಪುರಸಭೆಯ ತಿಜೋರಿಯ ಅಳತೆ ಅರಿತು, ಸ್ಥಳದಲ್ಲೇ ಇದ್ದ ಮರಳನ್ನೇ ಯಂತ್ರವಾಗಿಸಿದ ಈ ಕೆಲಸವನ್ನು, ಅವರ ದೊಡ್ಡ ಅಣೆಕಟ್ಟುಗಳ ಹೆಸರಿನ ನಡುವೆ, ಮರೆಯುವುದು ತಪ್ಪು. ಸೂರತ್, ಏಡನ್‌ಗಳ ನೀರಿನ ಕೆಲಸಗಳು ಇದರ ನಂತರದವು.

ಬೆಂಗಳೂರಿಗೆ ಕೊಳಾಯಿ ನೀರು ಬಂದದ್ದು 1896ರಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ. ಅಲ್ಲಿಯವರೆಗೆ ಕೆರೆ, ಬಾವಿ, ಕಲ್ಯಾಣಿಗಳೇ ಗತಿ. 1898ರ ಪ್ಲೇಗು ನಗರದ ಚರಂಡಿ, ಬೀದಿ, ಬಡಾವಣೆಗಳನ್ನೆಲ್ಲ ಎಂಜಿನಿಯರರ ಮೇಜಿಗೆ ತಂದಿತು. 1920ರ ದಶಕದಲ್ಲಿ ಹೆಸರಘಟ್ಟ ಒಣಗಿದಾಗ ಅರ್ಕಾವತಿ–ಕುಮುದ್ವತಿ ಸಂಗಮದ ತಿಪ್ಪಗೊಂಡನಹಳ್ಳಿಯಲ್ಲಿ ಹೊಸ ಜಲಾಶಯ ಕಟ್ಟಲಾಯಿತು. 1933ರಿಂದ ಅದರ ನೀರು ಬಂತು.

ಇಷ್ಟೆಲ್ಲ ಕೆಲಸಕ್ಕೆ ಜನ ಬೇಕಲ್ಲ? 1917ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ಆ ಕೊರತೆ ತುಂಬಿತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮೈಸೂರು, ಹುಬ್ಬಳ್ಳಿಗಳಲ್ಲೂ ಕಾಲೇಜುಗಳು ತೆರೆದವು. ಡಿಪ್ಲೊಮಾ ಪಡೆದವರು ಜೆಇ ಆಗಿ, ಪದವೀಧರರು ಎಇ (ಅಸಿಸ್ಟೆಂಟ್ ಎಂಜಿನಿಯರ್) ಆಗಿ ಸೇರಿ ಎಇಇ (ಅಸಿಸ್ಟೆಂಟ್ ಎಕ್ಸಿಕ್ಯೂಟಿವ್ ಎಂಜಿನಿಯರ್), ಇಇ (ಎಕ್ಸಿಕ್ಯೂಟಿವ್ ಎಂಜಿನಿಯರ್), ಎಸ್‌ಇ (ಸೂಪರಿಂಟೆಂಡಿಂಗ್ ಎಂಜಿನಿಯರ್) ಎಂದು ಮೇಲೇರುವ ಏಣಿ ಇಂದಿಗೂ ಹೆಚ್ಚುಕಡಿಮೆ ಅದೇ. ಎಸ್‌ಆರ್ ದರಪಟ್ಟಿ ನೋಡಿ ಎಸ್ಟಿಮೇಟ್ ಹಾಕುವುದು, ಸ್ಥಳದಲ್ಲಿ ಅಳೆದು ಎಂಬಿ ಎಂಬ ಅಳತೆ ಪುಸ್ತಕದಲ್ಲಿ ಬರೆಯುವುದು, ಬಿಲ್ಲಿಗೆ ಸಹಿ ಹಾಕುವುದು ನಿತ್ಯದ ಕೆಲಸ. ಎಂಬಿಯಲ್ಲಿ ಬರೆದ ಅಳತೆಗೆ ಎಂಜಿನಿಯರ್ ಸ್ವತಃ ಹೊಣೆ.

ಹೊಣೆಗಳು ಬೇರೆಯಾದದ್ದು ಸ್ವಾತಂತ್ರ್ಯದ ನಂತರ. 1964ರಲ್ಲಿ ಬೆಂಗಳೂರು ಜಲಮಂಡಳಿ ರೂಪುಗೊಂಡು ನೀರು, ಒಳಚರಂಡಿಗಳು ಅದರ ಪಾಲಾದವು. ರಸ್ತೆ ಪಾಲಿಕೆಗೆ ಉಳಿಯಿತು. ಉಳಿದ ಪಟ್ಟಣಗಳಿಗಾಗಿ 1973ರ ಕಾಯಿದೆಯಡಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಬಂತು. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಹಂತಗಳಲ್ಲಿ ಪಂಪು ಮಾಡಿ ಬೆಂಗಳೂರಿಗೆ ಏರಿಸಿದ 1974ರ ಮೊದಲ ಯೋಜನೆಗೆ ಇಂಥ ಪರಿಣತ ಸಂಸ್ಥೆ ಬೇಕಿತ್ತು, ನಿಜ. ಆದರೆ ಡಾಂಬರು ಹಾಕುವವರಿಗೆ ಅದರಡಿಯ ಪೈಪಿನ ಜಾಡು ಗೊತ್ತಿಲ್ಲದ ಸ್ಥಿತಿಯೂ ಅಲ್ಲಿಂದಲೇ ಬೆಳೆಯಿತು. ಯಾವ ಬೀದಿಯಲ್ಲಿ ಯಾವ ವಾಲ್ವ್ ಎಲ್ಲಿದೆ ಎಂಬುದು ಎಷ್ಟೋ ಊರುಗಳಲ್ಲಿ ನಕ್ಷೆಗಿಂತ ವಾಲ್ವ್‌ಮನ್‌ನ ನೆನಪಿನಲ್ಲೇ ಇತ್ತು.

ಹಳ್ಳಿಯ ಕಡೆ ದೊಡ್ಡ ಬದಲಾವಣೆ ತಂದವರು ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಕೊಳವೆಬಾವಿ ಕೊರೆಸಿದ ಅವರನ್ನು ಜನ ‘ನೀರ್ ಸಾಬ್’ ಎಂದೇ ಕರೆದರು. 1983ರ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಎಂಜಿನಿಯರ್ ಜಿಲ್ಲೆಯ ಚುನಾಯಿತ ಪ್ರತಿನಿಧಿಗಳ ಸಭೆಯಲ್ಲಿ ಕೈಪಂಪು, ಕಚ್ಚಾರಸ್ತೆಗಳ ಬಗ್ಗೆ ನೇರ ಉತ್ತರ ಕೊಡಬೇಕಾಯಿತು. ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ರಸ್ತೆ, ಕುಡಿಯುವ ನೀರುಗಳನ್ನು ಸ್ಥಳೀಯ ಸಂಸ್ಥೆಗಳ ಪಟ್ಟಿಗೇ ಸೇರಿಸಿದವು. 2000ದ ಗ್ರಾಮ ಸಡಕ್ ಯೋಜನೆ, ದಿನಕ್ಕೆ ತಲಾ 55 ಲೀಟರ್ ನೀರಿನ ಗುರಿಯ 2019ರ ಜಲ ಜೀವನ್ ಮಿಷನ್ ಕೆಲಸದ ಹೊರೆಯನ್ನು ಹಲವು ಪಟ್ಟು ಹೆಚ್ಚಿಸಿದವು.

ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಹರಿಯಿತು. ಹಳೆಯ ಪೈಪು ಬದಲಿಸಿ, ಸೋರಿಕೆ ಹುಡುಕಿ, ಮನೆಮನೆಗೆ ಮೀಟರ್ ಕೂರಿಸಿದರೆ ನಮ್ಮ ಊರುಗಳಲ್ಲೂ ಇದು ಸಾಧ್ಯ ಎಂದು ಆ ವಾರ್ಡುಗಳು ತೋರಿಸಿದವು. ಆದರೆ ಅಲ್ಲಿ ನೀರು ನಡೆಸಿದ್ದು ಖಾಸಗಿ ಕಂಪನಿ. ಪಾಲಿಕೆಗಳ ಸ್ವಂತ ಎಂಜಿನಿಯರರ ಬಳಗವನ್ನು ಅದಕ್ಕೆ ತಕ್ಕಂತೆ ಬೆಳೆಸಬೇಕಿತ್ತು. ಬೆಂಗಳೂರಿನ ಕೆಲವು ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಪೈಪು, ಕೇಬಲ್‌ಗಳನ್ನು ಫುಟ್‌ಪಾತ್ ಅಡಿಯಲ್ಲಿ ಜೋಡಿಸಿ, ರಸ್ತೆ ಅಗೆಯದೆ ರಿಪೇರಿ ಮಾಡುವಂತೆ ಮಾಡಲಾಯಿತು. ರಸ್ತೆಯವರೂ ನೀರಿನವರೂ ಒಂದೇ ನಕ್ಷೆಯ ಮುಂದೆ ಕೂತ ಅಪರೂಪದ ಕೆಲಸ ಅದು.

ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಈ ಯೋಜನೆಯ ಪೈಪುಗಳಿಗಾಗಿ ಅಲ್ಲಿನ ಬೀದಿಗಳನ್ನು ಅಗೆದದ್ದು ಜಲಮಂಡಳಿ. ಆ ಬೀದಿಗಳು ಪಾಲಿಕೆಯವು.