ಹದಿಹರೆಯದವರ ಕ್ಯಾನ್ಸರ್ ನೆರವು: ಭಾರತದಲ್ಲಿ ಬೆಳೆದು ಬಂದ ಬಗೆ

ಹದಿಹರೆಯದವರ ಕ್ಯಾನ್ಸರ್ ನೆರವು ಎಂದರೆ ಹದಿಹರೆಯದ ಮತ್ತು ಎಳೆಯ ಪ್ರಾಯದ ಕ್ಯಾನ್ಸರ್ ರೋಗಿಗಳಿಗೆ ಔಷಧದ ಜೊತೆಗೆ ಬೇಕಾಗುವ ವಸತಿ, ಹಣ, ಓದು, ಆಪ್ತಸಲಹೆ ಮತ್ತು ಗುಣವಾದ ಮೇಲಿನ ತಪಾಸಣೆಯ ವ್ಯವಸ್ಥೆ. ಭಾರತದಲ್ಲಿ ಮೊದಲು ಎದುರಾದದ್ದು ವಸತಿಯ ಕಷ್ಟ. ಕ್ಯಾನ್ಸರ್ ಚಿಕಿತ್ಸೆಗೆಂದು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಶುರುವಾದವು. ದೂರದ ಊರಿನವರು ತಿಂಗಳುಗಟ್ಟಲೆ ಅಲ್ಲಿಯೇ ಉಳಿಯಬೇಕಾಗುತ್ತಿತ್ತು. ಮಹಾರಾಷ್ಟ್ರದ ಯೇವಲಾದಂಥ ತಾಲೂಕು ಕೇಂದ್ರದವರಿಗೆ ಚಿಕಿತ್ಸೆಗೆ ಹತ್ತಿರದ ನಗರಗಳು ನಾಸಿಕ ಮತ್ತು ಛತ್ರಪತಿ ಸಂಭಾಜಿನಗರ. ಸಂಭಾಜಿನಗರದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ತೆರೆದದ್ದು 2012ರಲ್ಲಿ. ವಿಜಯಪುರ, ಕಲಬುರಗಿ ಕಡೆಯ ಕನ್ನಡ ಕುಟುಂಬಗಳೂ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಗೋ ಮುಂಬೈಗೋ ಹೋಗುವುದುಂಟು.

2006ರಲ್ಲಿ ಮುಂಬೈಯಲ್ಲಿ ಆರಂಭವಾದ ಸೇಂಟ್ ಜೂಡ್ ಕೇಂದ್ರಗಳು ಚಿಕಿತ್ಸೆಗೆ ಬಂದ ಮಕ್ಕಳ ಕುಟುಂಬಗಳಿಗೆ ಉಚಿತ ವಸತಿ ಕೊಟ್ಟವು. ಅಲ್ಲಿ ತಾಯಂದಿರು ಸಾಮೂಹಿಕ ಅಡುಗೆಮನೆಯಲ್ಲಿ ತಮ್ಮೂರಿನ ಅಡುಗೆಯನ್ನೇ ಮಾಡಿ ಮಗುವಿಗೆ ಉಣಿಸುತ್ತಾರೆ. ಕಿದ್ವಾಯಿ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಧರ್ಮಶಾಲೆ ಕಟ್ಟಿಸಿತು. ಸಮೀಕ್ಷಾ ಪ್ರತಿಷ್ಠಾನ ಅಲ್ಲಿನ ಮಕ್ಕಳಿಗೆ ಪಾಠ ಹೇಳುತ್ತ ಬಂದಿದೆ.

ಇವೆಲ್ಲ ಹೆಚ್ಚಾಗಿ ಚಿಕ್ಕ ಮಕ್ಕಳನ್ನು ನೋಡಿ ರೂಪುಗೊಂಡವು. ಹದಿನೇಳರ ಹುಡುಗನಿಗೋ ಹುಡುಗಿಗೋ ಮಕ್ಕಳ ವಾರ್ಡೂ ಸಲ್ಲದು, ದೊಡ್ಡವರ ವಾರ್ಡೂ ಒಗ್ಗದು. ಪಿಯುಸಿ ಪರೀಕ್ಷೆ, ಕೂದಲು ಉದುರಿದ ತಲೆ, ಮುಂದಿನ ಮದುವೆ ಇವು ಅವರ ಚಿಂತೆಗಳು. ಬ್ರಿಟನ್ನಿನಲ್ಲಿ ಹದಿಹರೆಯದವರಿಗೆಂದೇ ಮೊದಲ ವಾರ್ಡು 1990ರಲ್ಲಿ ಲಂಡನ್ನಿನಲ್ಲಿ ತೆರೆಯಿತು. ಮರುವರ್ಷ, 1991ರಲ್ಲಿ, ಟಾಟಾ ಆಸ್ಪತ್ರೆ ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರಿಗಾಗಿ ‘ಆ್ಯಕ್ಟ್’ ಕ್ಲಿನಿಕ್ ಆರಂಭಿಸಿತು. ಕೆಲವು ಔಷಧಗಳು ವರ್ಷಗಳ ನಂತರ ಹೃದಯವನ್ನು ದುರ್ಬಲಗೊಳಿಸಬಲ್ಲವು, ವಿಕಿರಣ ಥೈರಾಯ್ಡನ್ನು ಕೆಡಿಸಬಲ್ಲದು. ಆದ್ದರಿಂದ ಗುಣವಾದವರನ್ನೂ ಇಲ್ಲಿ ಕರೆದು ಪರೀಕ್ಷಿಸುತ್ತಾರೆ. 2009ರಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ ಹುಟ್ಟಿದ ‘ಉಗಮ್’ ಗುಂಪಿನಲ್ಲಿ ಬಾಲ್ಯದ ಕ್ಯಾನ್ಸರ್ ದಾಟಿ ಬೆಳೆದವರೇ ಹೊಸ ರೋಗಿಗಳಿಗೆ ಧೈರ್ಯ ಹೇಳುತ್ತಾರೆ. ವೈದ್ಯರ ಹತ್ತು ಮಾತಿಗಿಂತ ಅವರ ಒಂದು ಮಾತು ಹೆಚ್ಚು ನಾಟುತ್ತದೆ.

ಅತ್ಯಂತ ಹಿಂದುಳಿದಿರುವುದು ಸಂತಾನಶಕ್ತಿಯ ವಿಚಾರ. ಕಿಮೋ ಈ ಶಕ್ತಿಯನ್ನು ಕುಂದಿಸಬಹುದಾದ್ದರಿಂದ ಅದು ಶುರುವಾಗುವ ಮುನ್ನವೇ ಹುಡುಗರ ವೀರ್ಯವನ್ನು ಶೈತ್ಯದಲ್ಲಿ ಕಾದಿಡಬಹುದು. ಸಂಕೋಚದಿಂದ ಮನೆಯವರು ಕೇಳುವುದಿಲ್ಲ, ಗಡಿಬಿಡಿಯಲ್ಲಿ ಯಾರೂ ಹೇಳುವುದಿಲ್ಲ. ಚಿಕಿತ್ಸೆಗೆ ಮುನ್ನ ಈ ಪ್ರಶ್ನೆಯನ್ನು ವೈದ್ಯರ ಮುಂದಿಡಿ. ಚಿಕಿತ್ಸೆ ಮುಗಿದಾಗ, ಅದುವರೆಗೆ ಕೊಟ್ಟ ಔಷಧ, ಪ್ರಮಾಣ, ವಿಕಿರಣದ ವಿವರವಿರುವ ಪತ್ರವನ್ನು ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ.