ಬೆಕ್ಕಿನ ಪಾಂಡುರೋಗವೂ ಕಬ್ಬಿಣದ ಚಿಕಿತ್ಸೆಯೂ

ವಸಡು ಬಿಳಿಚಿದ ಬೆಕ್ಕಿಗೆಲ್ಲ ಕಬ್ಬಿಣದ ಟಾನಿಕ್ಕೇ ಮದ್ದೆಂಬ ನಂಬಿಕೆ ಔಷಧದ ಅಂಗಡಿಯಿಂದ ಚಿಕಿತ್ಸಾಲಯದವರೆಗೂ ಹಬ್ಬಿರುವ ಈ ಕಾಲದಲ್ಲಿ, ಈ ಚಿಕಿತ್ಸೆಯು ನಡೆದುಬಂದ ಹಾದಿಯನ್ನು ಅವಲೋಕಿಸುವುದು ಅಗತ್ಯವಾಗಿದೆ.

ಪಾಂಡುರೋಗಕ್ಕೆ ಲೋಹಭಸ್ಮವನ್ನೂ ಮಂಡೂರವನ್ನೂ ವಿಧಿಸಿದ ಆಯುರ್ವೇದವಾಗಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿಣದ ಗುಳಿಗೆಗಳನ್ನು ಪ್ರಚುರಪಡಿಸಿದ ಫ್ರೆಂಚ್ ವೈದ್ಯರಾಗಲಿ ಉದ್ದೇಶಿಸಿದುದು ಮನುಷ್ಯನನ್ನು. ದೇಹವು ಕಬ್ಬಿಣವನ್ನು ಹೊರಹಾಕುವುದರಿಂದಲ್ಲ, ಹೀರಿಕೊಳ್ಳುವ ಪ್ರಮಾಣದಿಂದಲೇ ಸಮತೋಲ ಕಾಯ್ದುಕೊಳ್ಳುತ್ತದೆಂದು 1937ರಲ್ಲಿ ಮೆಕ್ಯಾನ್ಸ್ ಮತ್ತು ವಿಡೋಸನ್ ತೋರಿಸಿದರು. 1950ರ ದಶಕದಲ್ಲಿ ಹಂದಿಮರಿಗಳಿಗೆಂದು ಬಳಕೆಗೆ ಬಂದ ಐರನ್ ಡೆಕ್ಸ್‌ಟ್ರಾನ್ ಚುಚ್ಚುಮದ್ದು ಮುಂದೆ ಬೆಕ್ಕಿಗೂ ಬಂದಿತು.

ಬೆಕ್ಕಿನ ರಕ್ತವನ್ನು ಬೆಕ್ಕಿನದೆಂದೇ ಪರಿಶೀಲಿಸುವ ಪರಿಪಾಠ ಬಲಗೊಂಡುದು ನನ್ನ ತಲೆಮಾರಿನಲ್ಲಿ. ಮನುಷ್ಯನ ಕೆಂಪುಕಣ ಸುಮಾರು 120 ದಿನ ಬಾಳಿದರೆ ಬೆಕ್ಕಿನದು ಸುಮಾರು 70 ದಿನವಷ್ಟೇ. ಅದರ ಎಳೆಯ ಕಣಗಳಲ್ಲಿ ಜಾಲಗಟ್ಟಿದವು ಮಜ್ಜೆಯ ಇಂದಿನ ದುಡಿಮೆಯನ್ನೂ ಚುಕ್ಕೆಯುಳ್ಳವು ಕಳೆದ ದಿನಗಳ ದುಡಿಮೆಯನ್ನೂ ಸೂಚಿಸುತ್ತವೆಂಬ ಅರಿವು ನಮಗೆ ದಾರಿದೀಪವಾಯಿತು. ಕಬ್ಬಿಣದ ಕೊರತೆಯಿಂದ ಬೆಕ್ಕಿನ ಮರಿಗಳ ಕೆಂಪುಕಣಗಳು ಕಿರಿದಾಗುವ ಬಗೆಯನ್ನು 1983ರಲ್ಲಿ ವೈಸರ್ ಮತ್ತು ಕೊಸಿಬಾ ವಿವರಿಸಿದರು. ಚಿಗಟ ಮುತ್ತಿ ರಕ್ತ ಹೀರಿದ ಮರಿಗೂ, ಕರುಳಿನ ಹುಣ್ಣಿನಿಂದ ದಿನದಿನವೂ ರಕ್ತ ಸೋರಿದ ಮುದಿ ಬೆಕ್ಕಿಗೂ ಕಬ್ಬಿಣ ನಿಜವಾಗಿಯೂ ಸಂಜೀವಿನಿ. ಆದರೆ ಮೈಕೋಪ್ಲಾಸ್ಮಾ ಹೀಮೋಫೆಲಿಸ್ ಎಂಬ ಸೂಕ್ಷ್ಮಾಣು ಕೆಂಪುಕಣಗಳನ್ನು ನಾಶಗೊಳಿಸುವಾಗ ಒಡೆದ ಕಣಗಳ ಕಬ್ಬಿಣ ದೇಹದಲ್ಲಿಯೇ ಉಳಿಯುವುದರಿಂದಲೂ, 1964ರಲ್ಲಿ ಗ್ಲಾಸ್ಗೋದಲ್ಲಿ ಜ್ಯಾರೆಟ್ ಗುರುತಿಸಿದ ಲ್ಯುಕೇಮಿಯಾ ವೈರಸ್ ಮಜ್ಜೆಯನ್ನೇ ಕುಗ್ಗಿಸುವುದರಿಂದಲೂ, ಅಲ್ಲಿ ಟಾನಿಕ್ಕು ಸರ್ವಥಾ ನಿಷ್ಫಲ. ಗಾಜಿನ ಮೇಲಿನ ಒಂದು ಹನಿ ರಕ್ತವನ್ನು ಶ್ರದ್ಧೆಯಿಂದ ನೋಡಿದವರು ಈ ಭೇದವನ್ನು ಮರೆಯಲಾರರು.

ಮೂತ್ರಪಿಂಡ ಕ್ಷೀಣಿಸಿದ ಬೆಕ್ಕುಗಳಿಗೆ ಕೊಡಲಾದ, ಮಜ್ಜೆಯನ್ನು ದುಡಿಸುವ ಹಾರ್ಮೋನಾದ ಮನುಷ್ಯನ ಎರಿತ್ರೊಪೊಯೆಟಿನ್ ಮೊದಲಿಗೆ ಫಲ ನೀಡಿದರೂ, ಕೆಲವು ಬೆಕ್ಕುಗಳ ದೇಹವು ಅದಕ್ಕೆ ಪ್ರತಿಕಾಯಗಳನ್ನು ತಯಾರಿಸಿ ರೋಗವನ್ನು ಉಲ್ಬಣಗೊಳಿಸಿದುದರಿಂದ ಡಾರ್ಬೆಪೊಯೆಟಿನ್ ಮುಂದೆ ಬಂದಿತು. ಹುರುಪಿನಿಂದ ದುಡಿಯತೊಡಗಿದ ಮಜ್ಜೆಗೆ ಕಬ್ಬಿಣ ಸಾಲದೆ ಬರುವುದರಿಂದ ಜೊತೆಯಲ್ಲಿ ಸುಮಾರು 50 ಮಿಲಿಗ್ರಾಂ ಐರನ್ ಡೆಕ್ಸ್‌ಟ್ರಾನನ್ನು ಮಾಂಸಖಂಡಕ್ಕೆ ಕೊಡುವ ಪದ್ಧತಿ ನೆಲೆಗೊಂಡಿತು. 2023ರಲ್ಲಿ ಅಮೆರಿಕದಲ್ಲಿ ಷರತ್ತಿನ ಅನುಮತಿ ಪಡೆದ ಮೋಲಿಡುಸ್ಟಾಟ್ ಬೆಕ್ಕಿನ ದೇಹದಿಂದಲೇ ಎರಿತ್ರೊಪೊಯೆಟಿನನ್ನು ಹೊರಡಿಸುತ್ತದೆ. ಉರಿಯೂತದಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಕರುಳಿನ ಹೀರಿಕೆಯನ್ನು ತಡೆದು, ಇರುವ ಕಬ್ಬಿಣವನ್ನೂ ಯಕೃತ್ತು ಮೊದಲಾದೆಡೆ ಬಂಧಿಸಿಡುತ್ತದೆಂಬ ಈ ಶತಮಾನದ ಆವಿಷ್ಕಾರವು, ಬಾಯಿಯ ಮೂಲಕ ಕೊಟ್ಟ ಕಬ್ಬಿಣ ಅನೇಕ ಸಲ ಫಲಿಸದಿರುವುದಕ್ಕೆ ಕಾರಣವನ್ನು ಒದಗಿಸಿತು.

ಇಷ್ಟಾದರೂ ದೇಹದ ಕಬ್ಬಿಣದ ಸಂಗ್ರಹವನ್ನು ಸೂಚಿಸುವ ಫೆರಿಟಿನನ್ನು ಬೆಕ್ಕಿನಲ್ಲಿ ಅಳೆಯುವ ಪರೀಕ್ಷೆ ಸಾಮಾನ್ಯ ವೈದ್ಯನ ಕೈಗೆ ಸುಲಭವಾಗಿ ಎಟುಕದು; ಔಷಧದ ಪ್ರಮಾಣಗಳೂ ಬಹುಮಟ್ಟಿಗೆ ರೂಢಿಯಿಂದ ಬಂದವು. ಹೊಟ್ಟೆ ಕೆಡಿಸಿ ಹಸಿವಡಗಿಸಬಲ್ಲ, ಮಿತಿಮೀರಿದರೆ ವಿಷವಾಗಬಲ್ಲ ದ್ರವ್ಯವನ್ನು ಕಾರಣವರಿಯದೆ ಕೊಡುವುದು ದಯೆಯೆನಿಸದು. ರಕ್ತಪರೀಕ್ಷೆ ಮೊದಲು, ಕಬ್ಬಿಣ ಆಮೇಲೆ ಎಂಬ ಕ್ರಮ ನಮ್ಮ ಚಿಕಿತ್ಸಾಲಯಗಳಲ್ಲಿ ನೆಲೆಗೊಳ್ಳಬೇಕು.